ಧಣಿಯ ಅಪ್ಪಣೆ ಕೇಳಲು ಕ್ಲೇಟನ್ನಿಗೆ

ನಮ್ಮ ಅಪ್ಪ ರಾಜನ ಪ್ರಜೆಯಾಗಿದ್ದದ್ದು ತೊಟ್ಟಿಲಲ್ಲಿ ಮಲಗಿದ್ದಾಗ ಮಾತ್ರ. ಧಾರವಾಡದ ಆಚೆಗಿನ ನಮ್ಮ ಸಂಸ್ಥಾನ ಎಷ್ಟು ದೊಡ್ಡದೆಂದರೆ, ಬಸ್ಸಿನಲ್ಲಿ ಕೂತು ಒಂದು ಕೋಳಿನಿದ್ದೆ ತೆಗೆದರೆ ಇಡೀ ರಾಜ್ಯ ದಾಟಿಹೋಗಿರುತ್ತದೆ. ಅಪ್ಪನಿಗೆ ಹಲ್ಲು ಹುಟ್ಟುವ ಮೊದಲೇ ಅದು ಭಾರತದಲ್ಲಿ ವಿಲೀನವಾಯಿತು. ಊರಿಗೆಲ್ಲ ಗೊತ್ತಾದ ಈ ಸುದ್ದಿ ಅಪ್ಪನಿಗೆ ಮಾತ್ರ ಇನ್ನೂ ಮುಟ್ಟಿಲ್ಲ. ಎಂಬತ್ತರ ಹೊಸ್ತಿಲಲ್ಲಿದ್ದಾನೆ, ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ನಮ್ಮ ಡಬಲ್ ಗರಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಆಚೆ ಮನೆಯ ಪಂಜಾಬಿ ಅಂಕಲ್ ಕೇಳಿದರೆ ಹರಕು ಹಿಂದಿಯಲ್ಲಿ "ನಾವು ವಾಡೇದವರ ಮಂದಿ" ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ವಾಡೆ ಅಂದರೆ ನಮ್ಮ ಧಣಿಗಳ ಅರಮನೆ. ಅದೀಗ ಕಲ್ಯಾಣ ಮಂಟಪ, ಎಸಿ ಹಾಲ್ ಬೇಕಾದರೆ ಬೇರೆ ಬಾಡಿಗೆ.

ಆ ವಾಡೆಯಲ್ಲಿ ನಮ್ಮ ಮನೆತನದ ಹುದ್ದೆ ಪೀಕದಾನಿ ಹಿಡಿಯುವುದು. ಧಣಿ ತಾಂಬೂಲ ಜಗಿಯುತ್ತ ಕೂತಾಗ ಪಕ್ಕದಲ್ಲಿ ನಿಂತು, ಅವರ ಗಲ್ಲ ಯಾವಾಗ ಉಬ್ಬುತ್ತದೆ ಎಂದು ನೋಡುತ್ತ, ಸರಿಯಾದ ಹೊತ್ತಿಗೆ ಪಾತ್ರೆ ಮುಂದೊಡ್ಡುವುದು. ಅಪ್ಪ ಇದನ್ನು "ಖಾಸಾ ಸೇವಾ" ಎನ್ನುತ್ತಾನೆ, ದಿವಾನಗಿರಿಗಿಂತ ಒಂದು ಗೇಣು ಮೇಲೆ ಎಂಬ ಧಾಟಿಯಲ್ಲಿ. ನಾನು ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ಮ್ಯಾನೇಜರನ ಮುಖವನ್ನೇ ನೋಡುತ್ತ ಮೀಟಿಂಗುಗಳಲ್ಲಿ ಕೂರುವವಳು, ಹೀಗಾಗಿ ಮುತ್ತಜ್ಜನನ್ನು ನೋಡಿ ನಗುವ ಹಕ್ಕು ನನಗೂ ಅಷ್ಟಾಗಿ ಇಲ್ಲ.

ಅಜ್ಜ ಸಾಯುವಾಗ ಅಪ್ಪನ ಕೈ ಹಿಡಿದು ಒಂದು ಮಾತು ತೆಗೆದುಕೊಂಡನಂತೆ: ವಾಡೆಯವರನ್ನು ಕೇಳದೆ ಇನ್ನೊಬ್ಬರ ಊಳಿಗಕ್ಕೆ ಹೋಗಬಾರದು. ಅಪ್ಪ ಅದನ್ನು ಪಾಲಿಸಿದ. ಹೈಸ್ಕೂಲು ಮಾಸ್ತರಿಕೆಯ ಆರ್ಡರ್ ಬಂದಾಗ ಮೊದಲು ವಾಡೆಗೆ ಹೋಗಿ ಹಳೆಯ ಧಣಿಯ ಅಪ್ಪಣೆ ಕೇಳಿದ. ಮದುವೆಗೂ ಕೇಳಿದ. ಎರಡು ಸಲವೂ ಅವರು ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದರಂತೆ. ಆ ಎರಡು ಹೂಂಗಳನ್ನು ಅಪ್ಪ ಇವತ್ತಿಗೂ ಎಷ್ಟು ಜೋಪಾನವಾಗಿ ಹೇಳುತ್ತಾನೆಂದರೆ, ನನ್ನ ತಾಳಿಯನ್ನು ನಾನು ಅಷ್ಟು ಜೋಪಾನ ಮಾಡಿಲ್ಲ. ಮಜಾ ಅಂದರೆ ಅವನು ನಿವೃತ್ತನಾಗುವವರೆಗೆ ಕಲಿಸಿದ್ದು ಪೌರನೀತಿ. ಹಕ್ಕುಗಳು, ಕರ್ತವ್ಯಗಳು, ಕಾನೂನಿನ ಮುಂದೆ ಎಲ್ಲರೂ ಸಮಾನರು. ಇದನ್ನೆಲ್ಲ ಹುಡುಗರಿಗೆ ಉರು ಹೊಡೆಸಿ, ದಸರೆ ಬಂತೆಂದರೆ ಊರಿಗೆ ಓಡುತ್ತಿದ್ದ, ಮೊದಲ ಬನ್ನಿ ಎಲೆ ಧಣಿಯ ಕೈಗೆ ಕೊಡಬೇಕಲ್ಲ. ಅವರಿಗೆ ಕೊಟ್ಟು ಕಾಲು ಮುಟ್ಟಿದ ಮೇಲೆಯೇ ನಮಗೆಲ್ಲ ಬನ್ನಿ. ಹಳೆಯ ಧಣಿ ತೀರಿಕೊಂಡು ವಾಡೆಗೆ ಬೀಗ ಬಿದ್ದ ಮೇಲೂ ಹೋಗುತ್ತಿದ್ದ.

ಇಂಥವನಿಗೆ ನಾನು ಆಸ್ಟ್ರೇಲಿಯಾದ ಸಿಟಿಜನ್‌ಶಿಪ್ ಕೊಡಿಸಲು ಹೊರಟೆ. ಅವ್ವ ಹೋದ ಮೇಲೆ ಅಪ್ಪನನ್ನು ಇಲ್ಲಿಗೆ ಕರೆಸಿಕೊಳ್ಳಲು ನಾನು ಪಟ್ಟ ಪಾಡು ನನಗೊಬ್ಬಳಿಗೆ ಗೊತ್ತು. ವೀಸಾ, ಪಿಆರ್, ಮೆಡಿಕಲ್, ಮತ್ತೆ ಮೆಡಿಕಲ್. ಇನ್ನು ಮುಂದೆ ಯಾವ ಕಿಟಕಿಯ ಹಿಂದಿನ ಯಾವ ಅಧಿಕಾರಿಯೂ ಅವನಿಗೆ "ವಾಪಸ್ ಹೋಗು" ಅನ್ನಬಾರದು, ಅಷ್ಟೇ ನನ್ನ ಆಸೆ. ಎಲ್ಲ ಮುಗಿದು ಸಮಾರಂಭದ ಆಹ್ವಾನವೂ ಬಂತು. ಕೌನ್ಸಿಲ್ ಹಾಲಿನಲ್ಲಿ ನಿಂತು ಪ್ರಮಾಣವಚನ ಓದಬೇಕು, ಅಷ್ಟೇ. ಅಪ್ಪ ಆ ಹಾಳೆಯನ್ನು ಕನ್ನಡಕ ಏರಿಸಿ ಓದಿ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದ.

"ಇದು ಆಗೂದಿಲ್ಲವಾ. ನಿಷ್ಠಾ ಅಂತ ಬರದಾರ ಇದರಾಗ."

"ಬರದ್ರ ಏನಾತು?"

"ನಮ್ಮ ನಿಷ್ಠಾ ಈಗಾಗಲೇ ಒಂದ್ ಕಡೆ ಐತಿ. ಅಪ್ಪಣಿ ತಗೊಂಡಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಯಾರ ಅಪ್ಪಣಿ? ಆ ಕಲ್ಯಾಣ ಮಂಟಪದ ಮ್ಯಾನೇಜರಂದ?" ಎಂದು ಕೂಗಿದೆ. ನನ್ನ ಗಂಡ ಚಹಾ ಕಪ್ಪು ಹಿಡಿದುಕೊಂಡು ಮೆಲ್ಲಗೆ ಗರಾಜಿನ ಕಡೆ ಜಾರಿಕೊಂಡ, ಅವನಿಗೆ ಇಂಥ ಹೊತ್ತಿನಲ್ಲಿ ಕಾರು ತೊಳೆಯುವ ನೆನಪಾಗುತ್ತದೆ.

"ಮತ್ತ ಇಲ್ಲೂ ರಾಜ ಅದಾನಲ್ಲ," ಅಂದ ಅಪ್ಪ, ಜೇಬಿನಿಂದ ನಾಣ್ಯ ತೆಗೆದು ತೋರಿಸುತ್ತ. "ಅವನ ಉಪ್ಪು ತಿನ್ನಬೇಕಂದ್ರ ಮೊದಲಿನವರನ್ನ ಒಂದ್ ಮಾತು ಕೇಳಬೇಕೋ ಬ್ಯಾಡೋ?"

"ಆ ರಾಜ ಇಂಗ್ಲೆಂಡಿನಾಗ ಇರ್ತಾನಪ್ಪ. ವರ್ಕ್ ಫ್ರಮ್ ಹೋಮ್. ಪ್ರಮಾಣದಾಗ ಅವನ ಹೆಸರೂ ಇಲ್ಲ, ಈ ದೇಶಕ್ಕ, ಇಲ್ಲಿ ಜನಕ್ಕ ಅಂತ ಐತಿ."

"ಯಾರಿಗರ ಇರಲಿ. ಬಿಡದ ಇನ್ನೊಂದು ಹಿಡಿಯೂದು ನಮ್ಮಲ್ಲಿಲ್ಲ."

ಒಂದು ಸಲ ಸಮಾರಂಭ ಮುಂದೂಡಿಸಿದೆ. ಇನ್ನೊಮ್ಮೆ ತಪ್ಪಿದರೆ ಅರ್ಜಿಯೇ ಬಿದ್ದುಹೋದೀತು ಎಂದು ಹೇಳಿದರೂ ಅಪ್ಪ ಜಗ್ಗಲಿಲ್ಲ. ಬೈದೆ, ಊಟ ಬಿಟ್ಟೆ, ಸತ್ತ ಅವ್ವನ ಆಣೆ ಹಾಕಿದೆ. ಕೊನೆಗೆ ಮಗಳಿಗೆ ಫೋನ್ ಮಾಡಿದೆ. ಅವಳು ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಇತಿಹಾಸ ಓದುತ್ತಾಳೆ, ನಾಲ್ಕು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಆ ಸೆಮಿಸ್ಟರಿನಲ್ಲಿ ಅವಳು ಬರೆಯುತ್ತಿದ್ದ ಪ್ರಬಂಧ ಇಂಗ್ಲೆಂಡಿನ ಉತ್ತರದ ನಾಡಿನ ಹಳೆಯ ಸ್ಕಾಟ್ಸ್ ಭಾಷೆಯ ಕಾಗದಪತ್ರಗಳಲ್ಲಿ ರಾಜನ ಪ್ರಜೆ ಅಂದರೆ ಏನರ್ಥವಿತ್ತು ಎಂಬುದರ ಮೇಲೆ. ಇದನ್ನು ಕಲಿತರೆ ಯಾರು ಕೆಲಸ ಕೊಡುತ್ತಾರೆ ಎಂದು ನಾನು ವರ್ಷವಿಡೀ ಕೇಳುತ್ತಿದ್ದೆ. ಅವತ್ತು ಮಾತ್ರ, ನಾಲ್ಕು ಪುಸ್ತಕ ಓದಿದ ಹುಡುಗಿ, ಅಜ್ಜನಿಗೆ ಬುದ್ಧಿ ಹೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

ಪೂರ್ತಿ ಕೇಳಿಸಿಕೊಂಡು ಅವಳು ಕಿರುಚಿದಳು. "ಓ ಮೈ ಗಾಡ್ ಅಮ್ಮಾ, ದಿಸ್ ಈಸ್ ಅಮೇಜಿಂಗ್! ಅಜ್ಜ ಈಸ್ ಅ ಪ್ರಾಪರ್ ಸಬ್ಡಿಟ್!"

ಸಬ್ಡಿಟ್ ಅಂದರೆ ಆ ಕಾಲದ ಸ್ಕಾಟ್ಸ್‌ನಲ್ಲಿ ರಾಜನ ಕೈಕೆಳಗಿನ ಮನುಷ್ಯ ಅಂತ ಅರ್ಥವಂತೆ. ಅಲ್ಲಿನ ರಾಜ ತಾನು ಇಂಥ ನೆಲದ ರಾಜ ಅನ್ನುತ್ತಿರಲಿಲ್ಲವಂತೆ, ಇಂಥ ಜನರ ರಾಜ ಅನ್ನುತ್ತಿದ್ದನಂತೆ. ಅವನ ಪ್ರಜೆಯಾಗಿ ಹುಟ್ಟಿದವನು ಸಮುದ್ರ ದಾಟಿ ಎಲ್ಲಿಗೆ ಹೋದರೂ ಅವನ ಪ್ರಜೆಯೇ, ತನ್ನಷ್ಟಕ್ಕೆ ತಾನು ಆ ಗಂಟು ಬಿಚ್ಚಿಕೊಂಡು ಹೋಗುವಂತಿಲ್ಲ. ಚಿಕ್ಕ ಧಣಿಗಳ ಹತ್ತಿರವೂ ಇಂಥದೇ ಇನ್ನೊಂದು ಕಟ್ಟು ಇತ್ತಂತೆ, ಮ್ಯಾನ್‌ರೆಂಟ್ ಅಂತ. ನಾನು ನಿನ್ನ ಮನುಷ್ಯ, ನಿನ್ನ ವೈರಿ ನನ್ನ ವೈರಿ, ಕರೆದಾಗ ಕತ್ತಿ ಹಿಡಿದು ಬರುತ್ತೇನೆ ಎಂದು ಇವನು ಬರೆದುಕೊಡುವುದು, ನಿನ್ನನ್ನು ಕಾಯುತ್ತೇನೆ ಎಂದು ಅವನು ಬರೆದುಕೊಡುವುದು. ಸಿಡ್ನಿಯಲ್ಲಿ ರೆಂಟ್ ಕಟ್ಟಿ ಕಟ್ಟಿ, ಈಗ ಮಾರ್ಟ್‌ಗೇಜ್ ಕಟ್ಟುತ್ತಿರುವ ನನಗೆ ಇವರ ಸಂಭ್ರಮ ತಿಳಿಯಲಿಲ್ಲ. ಅಪ್ಪ ಮಾತ್ರ ಫೋನಿನ ಮೇಲೆ ಪೂರ್ತಿ ಬಾಗಿಬಿಟ್ಟಿದ್ದ.

"ಅಲ್ಲೆ ಪೀಕದಾನಿ ಹಿಡಿಯವರು ಇದ್ರೇನು, ಕೂಸ?"

"ಐ ಡೋಂಟ್ ನೋ ಅಜ್ಜಾ, ಬಟ್ ಐ ವಿಲ್ ಚೆಕ್."

"ಚೆಕ್ ಮಾಡು," ಅಂದ ಅಪ್ಪ ಗಂಭೀರವಾಗಿ.

"ಏ ಹುಡುಗಿ, ನೀ ಯಾರ ಕಡೆ?" ಅಂದೆ.

"ಅಮ್ಮಾ, ಹೀ ಈಸ್ ರೈಟ್! ಅವರಿಗೆ ಲಾರ್ಡ್ ಪರ್ಮಿಶನ್ ಬೇಕು. ಆದ್ರೆ ಇಟ್ ಗೋಸ್ ಬೋತ್ ವೇಸ್, ಓಕೆ? ರಾಜಾನೂ ಜನರನ್ನ ಬಿಡೋ ಹಂಗಿಲ್ಲ." ರಾಜ ನಮ್ಮನ್ನು ಕೈಬಿಟ್ಟರೆ ನಾವೂ ಅವನನ್ನು ಬಿಟ್ಟು ಬೇರೆಯವನನ್ನು ತಂದುಕೊಳ್ಳುತ್ತೇವೆ ಎಂದು ಅಲ್ಲಿನ ದೊಡ್ಡ ಕುಳಗಳು ಒಂದು ಕಾಲದಲ್ಲಿ ಪೋಪನಿಗೇ ಬರೆದು ಕಳಿಸಿದ್ದರಂತೆ. ಅಪ್ಪ ಅದನ್ನು ನನ್ನಿಂದ ಎರಡು ಸಲ ಕನ್ನಡ ಮಾಡಿಸಿಕೊಂಡು ಕೇಳಿದ.

ಆಮೇಲೆ ಅಪ್ಪ ಅಷ್ಟು ದಿನ ಮುಚ್ಚಿಟ್ಟಿದ್ದ ವಿಷಯ ಬಾಯಿಬಿಟ್ಟ. ಹಳೆಯ ಧಣಿಯ ಮೊಮ್ಮಗ, ಈಗಿನ ಧಣಿ, ಮೆಲ್ಬರ್ನಿನಲ್ಲಿದ್ದಾರೆ. ಅದೂ ಕ್ಲೇಟನ್ನಿನಲ್ಲೇ, ಹಲ್ಲಿನ ಡಾಕ್ಟರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರಂತೆ. ಮೊಮ್ಮಗಳು ಕ್ಲೇಟನ್ನಿಗೆ ಓದಲು ಹೋಗುತ್ತೇನೆ ಅಂದಾಗ ಅಪ್ಪ ಪೇಢೆ ಹಂಚಿದ್ದು ಯಾಕೆ ಎಂದು ಆಗ ತಿಳಿಯಿತು. ಈ ಧಣಿಯ ಮುತ್ತಜ್ಜ ಸಿಟ್ಟು ಬಂದಾಗ ಪ್ರಜೆಗಳ ಹಲ್ಲು ಉದುರಿಸುತ್ತಿದ್ದ ಎಂದು ಊರಲ್ಲಿ ಹೇಳುತ್ತಾರೆ. ಮರಿಮಗ ಅದನ್ನೇ ಕೋರ್ಸು ಮಾಡಿಕೊಂಡು ಬಂದಿದ್ದಾನೆ ಅಂದೆ. ಅಪ್ಪ ನಗಲಿಲ್ಲ. "ಹಾಂ ಅಂದ್ರ ಪ್ರಮಾಣ ಮಾಡ್ತೀನಿ, ಒಲ್ಲೆ ಅಂದ್ರ ಇಲ್ಲ. ಏನರ ಒಂದು ಅವರ ಬಾಯಿಲೆ ಬರಲಿ," ಅಂದ.

ಹೀಗೆ ಒಂದು ಭಾನುವಾರ ನಾವು ಮೆಲ್ಬರ್ನಿಗೆ ಹಾರಿದೆವು. ಅಪ್ಪ ಧೋತರ ಉಟ್ಟು, ಕರಿ ಕೋಟು ತೊಟ್ಟು, ಕರಿ ಟೊಪ್ಪಿಗೆ ಹಾಕಿಕೊಂಡಿದ್ದ. ಏರ್‌ಪೋರ್ಟಿನ ಸೆಕ್ಯುರಿಟಿಯವನು ಟೊಪ್ಪಿಗೆ ತೆಗೆ ಅಂದಾಗ ಆದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಬಂದು ಕರೆದುಕೊಂಡಳು. ದಾರಿಯಲ್ಲಿ ಒಂದು ಇಂಡಿಯನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಪ್ಪ ನಿಂಬೆಹಣ್ಣು ಕೊಂಡ. ಧಣಿಯ ಮುಂದೆ ಬರಿಗೈಯಲ್ಲಿ ನಿಲ್ಲುವ ಹಾಗಿಲ್ಲ. ಹತ್ತು ಹಣ್ಣು ಮೂಸಿ, ಅಂಗಡಿಯವನ ಕೈಲಿ ಬೈಸಿಕೊಂಡು, ಒಂದನ್ನು ಆರಿಸಿದ.

ಧಣಿಯ ಮನೆ ನಮ್ಮ ಮನೆಗಿಂತ ಚಿಕ್ಕದಿತ್ತು. ಇದನ್ನು ಹೇಳಬಾರದು, ಆದರೆ ನನಗೆ ಖುಷಿಯಾಯಿತು. ಬೆಲ್ ಒತ್ತಿದೆವು. ಬಾಗಿಲು ತೆರೆದವರು ಆರಡಿ ಎತ್ತರ, ಹುರಿ ಮಾಡಿದ ಮೀಸೆ, ಇಸ್ತ್ರಿ ಗೆರೆ ಮುರಿಯದ ಬಿಳಿ ಅಂಗಿ, ಕೊರಳಲ್ಲಿ ಬಂಗಾರದ ಸರ. ನೋಡಿದರೆ ಯಾರಾದರೂ ರಾಜ ಅನ್ನಬೇಕು. ಅಪ್ಪನ ಕಣ್ಣು ತುಂಬಿತು. ಸೊಂಟದವರೆಗೆ ಬಾಗಿ, ಬಲಗೈಯನ್ನು ನೆಲದ ಹತ್ತಿರ ತಂದು ಹಣೆಗೆ ಎತ್ತಿ ಮುಜರೆ ಮಾಡಿದ. ಮೂರು ಸಲ. ಮೂರನೆಯ ಸಲ ಮೇಲೇಳಲು ನಾನು ರಟ್ಟೆ ಹಿಡಿಯಬೇಕಾಯಿತು. ಆಮೇಲೆ ನಿಂಬೆಹಣ್ಣು ಮುಂದೆ ಹಿಡಿದ.

"ಅಯ್ಯೋ ದೇವರೇ, ನಾನಲ್ಲ ಮಾರಾಯ್ರೆ!" ಅಂದಿತು ಮೀಸೆ. "ನಾನು ಪಕ್ಕದ ಮನೆಯವ. ಚರ್ಚಿನಿಂದ ಬರ್ತಾ ಏಣಿ ಕೇಳ್ಲಿಕ್ಕೆ ಬಂದದ್ದು. ಡಾಕ್ಟ್ರು ಹಿಂದೆ ಹುಲ್ಲು ಕತ್ತರಿಸ್ತಾ ಇದ್ದಾರೆ."

ನಾನೂ ಮಗಳೂ ಗೋಡೆ ಹಿಡಿದುಕೊಂಡು ನಕ್ಕೆವು. ಮಂಗಳೂರಿನ ಆ ಮನುಷ್ಯನೂ ಪಾಪ, ಕೈಗೆ ಬಂದ ನಿಂಬೆಹಣ್ಣನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತಿದ್ದ. ಅಪ್ಪ ಅದನ್ನು ಅವನ ಕೈಯಿಂದ ಕಸಿದುಕೊಂಡು ಕೋಟಿಗೆ ಒರೆಸಿದ. ನನ್ನನ್ನು ನೋಡಿದ ನೋಟದಲ್ಲಿ ಹಳೆಯ ಮಾಸ್ತರ ಇದ್ದ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಧಣಿ ಬಂದರು. ಐವತ್ತರ ಆಸುಪಾಸು, ಚಡ್ಡಿ, ಕಾಲಿಗೆಲ್ಲ ಹುಲ್ಲಿನ ಚೂರು, ತಲೆಗೆ ಕ್ರಿಕೆಟ್ ನೋಡುವವರ ಅಗಲ ಟೋಪಿ. ಮಗಳು ಮೊದಲೇ ಫೋನ್ ಮಾಡಿ ಊರಿನವರು ಬರುತ್ತಾರೆ ಎಂದಷ್ಟೇ ಹೇಳಿದ್ದಳು. "ಹಲೋ ಅಂಕಲ್, ವೆಲ್ಕಮ್, ವೆಲ್ಕಮ್!" ಎಂದು ಕೈಕುಲುಕಲು ಕೈ ಚಾಚಿದರು. ಅದೇ ಹೊತ್ತಿಗೆ ಅಪ್ಪ ಬಾಗಿದ. ಧಣಿಯ ಕೈ ಅಪ್ಪನ ಟೊಪ್ಪಿಗೆಗೆ ತಾಗಿ ಟೊಪ್ಪಿಗೆ ಕೆಳಗೆ ಬಿತ್ತು. "ಸಾರಿ ಸಾರಿ" ಎನ್ನುತ್ತ ಅವರೇ ಬಗ್ಗಿ ಎತ್ತಿಕೊಟ್ಟರು. ಧಣಿಯ ಕೈಯಿಂದ ತನ್ನ ಟೊಪ್ಪಿಗೆ ಎತ್ತಿಸಿದ ಸಂಕಟಕ್ಕೆ ಅಪ್ಪ ಬೆವರಿದ. ಏಣಿಯವನು ಇದು ತನಗಲ್ಲ ಎಂದು ತಿಳಿದು ಏಣಿ ಹೊತ್ತುಕೊಂಡು ಹೋದ.

ಒಳಗೆ ಸೋಫಾ ತೋರಿಸಿದರೂ ಅಪ್ಪ ಕೂರಲಿಲ್ಲ. ನಾವು ಕೂತಿದ್ದೇವೆ, ಧಣಿ ಕೂತಿದ್ದಾರೆ, ಅಪ್ಪ ಕೈಕಟ್ಟಿ ನಿಂತಿದ್ದಾನೆ. ತಂದಿಟ್ಟ ಶರಬತ್ತು ಮುಟ್ಟಲಿಲ್ಲ. ತಾನು ಯಾರು, ತನ್ನ ಅಪ್ಪ ಯಾರು, ಹಳೆಯ ಧಣಿಗಳು ಯಾವ್ಯಾವಾಗ ಹೂಂ ಅಂದರು, ಎಲ್ಲ ಹೇಳಿ, ಕೊನೆಗೆ ಗಂಟಲು ಸರಿಮಾಡಿಕೊಂಡು, "ಬ್ಯಾರೆ ರಾಜ್ಯದ ಪ್ರಮಾಣ ಮಾಡಬೇಕಾಗೇತ್ರಿ. ತಮ್ಮ ಅಪ್ಪಣಿ ಆಗಬೇಕು," ಅಂದ.

ಧಣಿ ನನ್ನ ಮುಖ ನೋಡಿದರು, ತಮಾಷೆಯೋ ನಿಜವೋ ಎಂದು. ಆಮೇಲೆ ಬಹಳ ಒಳ್ಳೆಯತನದಿಂದ ನಕ್ಕರು. "ನೋ ನೋ ಅಂಕಲ್! ನನ್ನ ಪರ್ಮಿಶನ್ ಎಲ್ಲ ಬೇಕಾಗಿಲ್ಲ."

ಅಪ್ಪನ ಮುಖ ಇಳಿದುಹೋಯಿತು. ಒಲ್ಲೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದ. ವಾಪಸ್ ಬಂದು ಗರಾಜಿನ ಮುಂದೆ ಕೂತು, ಧಣಿ ಒಲ್ಲೆ ಅಂದ್ರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಬೇಕಾಗಿಲ್ಲ ಅಂದರೆ ಅವನು ಎಲ್ಲಿಗೆ ಹೋಗಬೇಕು? ಅಲ್ಲಿಯವರೆಗೆ ನಗುತ್ತಿದ್ದ ನನಗೆ, ಈ ಮನುಷ್ಯ ಪೇಪರಿನಿಂದ ತಲೆ ಎತ್ತದೆ ಒಂದು ಹೂಂ ಅಂದರೆ ಏನು ಗಂಟು ಹೋಗುತ್ತಿತ್ತು ಎಂದು ಸಿಟ್ಟು ಬಂತು.

ಧಣಿಗೆ ಇದು ಯಾವುದೂ ಗೊತ್ತಾಗಲಿಲ್ಲ. "ತುಂಬಾ ಈಸಿ ಅಂಕಲ್. ನಾನು ತಗೊಂಡು ಟ್ವೆಂಟಿ ಇಯರ್ಸ್ ಆಯ್ತು. ಅರ್ಧ ಗಂಟೆ, ಕೊನೆಗೆ ಒಂದು ಗಿಡ ಕೊಡ್ತಾರೆ."

"ಏನು ತಗೊಂಡ್ರಿ?" ಅಂದ ಅಪ್ಪ.

"ಸಿಟಿಜನ್‌ಶಿಪ್."

"ನೀವು? ಪ್ರಮಾಣ ಮಾಡಿದ್ರಿ?"

"ಹೌದು, ಇಲ್ಲೇ, ಟೌನ್ ಹಾಲ್‌ನಲ್ಲಿ."

"ಯಾರನ್ನ ಕೇಳಿ ಮಾಡಿದ್ರಿ?"

ಅಪ್ಪನ ಕಟ್ಟಿದ ಕೈ ಬಿಚ್ಚಿತ್ತು. ಆ ದನಿಯನ್ನು ನಾನು ಬಲ್ಲೆ, ಹೋಂವರ್ಕ್ ಮಾಡದೆ ಬಂದವರಿಗೆ ಮೀಸಲಾದದ್ದು. ಧಣಿ ನಗಲು ನೋಡಿದರು. "ವೈಫ್‌ನ ಕೇಳಿದ್ದೆ ಅಂಕಲ್."

"ನಮ್ಮನ್ನ ಕೇಳಲಿಲ್ಲ," ಅಂದ ಅಪ್ಪ. "ಅಲ್ರೀ ಧಣಿ, ವಾಡೇಕ ಬೀಗ ಬಿದ್ದ ಮ್ಯಾಲೂ ನಾ ವರ್ಷಾ ಬರ್ತಿದ್ದೆ. ಬನ್ನಿ ತಂದು ಬೀಗದ ಮುಂದ ಇಟ್ಟು, ಹೊಸ್ತಿಲಾ ಮುಟ್ಟಿ ಹೋಗ್ತಿದ್ದೆ. ಹುಡುಗೂರು ನಗ್ತಿದ್ವು. ನಗಲಿ, ಧಣಿ ಎಲ್ಲೇ ಇದ್ರೂ ನಮ್ಮವರು ಅಂತಿದ್ದೆ. ನೀವು ಆಗಲೇ ಬಿಟ್ಟು ಹೋಗಿದ್ರಿ. ನಾ ಹೊಂಟೇನಿ, ನನ್ನ ದಾರಿ ನೋಡಬ್ಯಾಡ್ರಿ ಅಂತ ಒಂದ್ ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಧಣಿ ತಲೆಯ ಮೇಲಿದ್ದ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಅವರು ಮತ್ತೆ ಬಾಯಿ ತೆರೆದಾಗ ಬೆಂಗಳೂರು ಕನ್ನಡ ಹೋಗಿ ಬೇರೆ ಯಾವುದೋ ಬಂತು. ಸಣ್ಣವರಿದ್ದಾಗ ಶಾಲೆಯ ಸೂಟಿಯಲ್ಲಿ ವಾಡೆಗೆ ಬಂದು ಕಲಿತದ್ದಿರಬೇಕು.

"ತಪ್ಪಾತ್ರೀ. ಖರೇನ ಗೊತ್ತಿರಲಿಲ್ಲ ನಂಗ. ಊರಿಗೆ ಹೋದ್ರ ಎಲ್ಲಾರೂ ಜಾಗಾ ಯಾವಾಗ ಮಾರ್ತೀರಿ ಅಂತ ಕೇಳ್ತಿದ್ರು. ನನ್ನ ಮಂದಿ ಅಂತ ಯಾರರ ಅದಾರ, ನನ್ನ ದಾರಿ ನೋಡ್ತಾರ ಅಂತ ನಂಗ ಯಾರೂ ಹೇಳಲಿಲ್ಲ."

ಅಪ್ಪ ತನ್ನ ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡ. ನನ್ನ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು.

"ಆತು," ಅಂದ ಅಪ್ಪ. "ಈಗರ ಕೇಳ್ರಿ."

"ಏನ ಕೇಳಲ್ರಿ?"

"ಅಪ್ಪಣಿ."

ಈ ಸಲ ಧಣಿ ನನ್ನ ಮುಖ ನೋಡಲಿಲ್ಲ. ಎದ್ದು ನಿಂತರು. ಹುಲ್ಲು ಮೆತ್ತಿದ ಬರಿಗಾಲಿನಲ್ಲಿ, ಚಡ್ಡಿಯಲ್ಲಿ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತು, "ನಾ ಹೋಗಲೇನ್ರಿ?" ಅಂದರು.

"ಹೋಗ್ರಿ," ಅಂದ ಅಪ್ಪ. "ನಮ್ಮ ಕಡಿಂದ ನೀವು ಮೋಕಳಾದ್ರಿ, ಗಂಟು ಬಿಚ್ಚೇತಿ. ಎಲ್ಲಿರ್ತೀರಿ ಅಲ್ಲೆ ಚೆಂದ ಇರ್ರಿ."

"ನೀವೂ ಹೋಗ್ರಿ," ಅಂದರು ಧಣಿ, ಬಹಳ ಮೆತ್ತಗೆ. ಅಪ್ಪ ನಿಂಬೆಹಣ್ಣನ್ನು ಅವರ ಕೈಯಲ್ಲಿಟ್ಟ. ಆಮೇಲೆ ಸೋಫಾದಲ್ಲಿ ದೊಪ್ಪನೆ ಕೂತು, ಶರಬತ್ತನ್ನು ಒಂದೇ ಗುಟುಕಿಗೆ ಕುಡಿದು, ಹಿಂದಿನ ದವಡೆಯ ಹಲ್ಲು ದೀಪಾವಳಿಯಿಂದ ಜುಂ ಅನ್ನುತ್ತಿದೆ, ಸ್ವಲ್ಪ ನೋಡ್ರಿ ಎಂದು ಬಾಯಿ ತೆರೆದ. ಧಣಿ ಮೊಬೈಲಿನ ಟಾರ್ಚು ಹಚ್ಚಿ ಅವನ ಬಾಯೊಳಗೆ ಬಗ್ಗಿ ನೋಡಿದರು. ತೆಗೆಸಬೇಕು ಅಂದರು. ಒಲ್ಲೆ ಅಂದ ಅಪ್ಪ. ವಾಡೆಯವರ ಮಾತಿಗೆ ಅವನು ಒಲ್ಲೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವಾಗ ಧಣಿ ಕಾರಿನವರೆಗೆ ಬಂದರು. ಬಾಗಿಲು ತೆಗೆದು ಹಿಡಿದರು. ಅಪ್ಪ ಅದಕ್ಕೂ ಬೆವರಲಿಲ್ಲ.

"ಮತ್ತ ಯಾವಾಗ ಬರ್ತೀರಿ?" ಅಂದರು ಧಣಿ.

ಅಪ್ಪ ಒಂದು ಕ್ಷಣ ಯೋಚಿಸಿದ. ಅವನ ಅಪ್ಪ, ಅವನ ಅಜ್ಜ, ಆ ವಾಡೆಯ ಬಾಗಿಲಿಗೆ ಕರೆಯದೆ ಹೋದವರು. ಹಬ್ಬಕ್ಕೆ, ಸಾವಿಗೆ, ಸುಮ್ಮನೆ ಮುಖ ತೋರಿಸಲಿಕ್ಕೆ. ಅವರನ್ನು ಯಾರೂ ಯಾವತ್ತೂ ಕರೆದಿರಲಿಲ್ಲ, ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಕರದ್ರ ಬರ್ತೀನ್ರಿ," ಅಂದ ಅಪ್ಪ.